ಮುಸಫ್ಫಾದಲ್ಲಿ ಕಟ್ಟಿದ ಒಂದು ಫ್ರೆಂಚ್ ಊರು

ನನಗೊಂದು ಕೆಟ್ಟ ಚಟವಿದೆ. ಬೀಡಿ ಸಿಗರೇಟಿನದಾಗಿದ್ದರೆ ಯಾರಾದರೂ ಬುದ್ಧಿ ಹೇಳಿ ಬಿಡಿಸುತ್ತಿದ್ದರು. ನನ್ನದು ಹಾಗಲ್ಲ. ಮೇಜಿನ ಮೇಲೆ ಏನೇ ಕಂಡರೂ ಬಗ್ಗಿ, ಗದ್ದವನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿಕೊಂಡು ನೋಡುವ ಚಟ. ಮೊನ್ನೆ ನೆಂಟರ ಮನೆಯ ಮದುವೆಯಲ್ಲಿ ಬಿರಿಯಾನಿ ತಟ್ಟೆ ಬಂತು. ಅನ್ನದ ಗುಡ್ಡ, ಅದರ ತುದಿಯಲ್ಲಿ ಮೊಟ್ಟೆ, ಬುಡದಲ್ಲಿ ಸೌತೆಕಾಯಿಯ ಸಾಲು. ನನಗರಿವಿಲ್ಲದೆ ಗದ್ದ ಮೇಜಿಗೆ ಹೋಯಿತು. ಪಕ್ಕದಲ್ಲಿದ್ದ ಹೆಂಡತಿ ಝುಬೈದಾ ಮೊಣಕೈಯಿಂದ ತಿವಿದು, "ಎಂಥ ನೋಡುವುದು? ಅದರೊಳಗೆ ಯಾರಾದರೂ ಬಾಡಿಗೆಗೆ ಇದ್ದಾರಾ?" ಎಂದಳು. ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ. ನಗುವುದಲ್ಲದೆ ಇನ್ನೇನು ಮಾಡುವುದು ಹೇಳಿ.

ಇದು ನನ್ನ ಉದ್ಯೋಗದಿಂದ ಅಂಟಿದ ರೋಗ. ಫ್ಲಾಟು ಮಾರುವ ಆಫೀಸುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಪಟ್ಟಣ ಇಟ್ಟಿರುತ್ತಾರಲ್ಲ, ಬೆರಳುದ್ದದ ಕಟ್ಟಡ, ಕಡಲೆಕಾಳಿನಷ್ಟು ಕಾರು, ಅಕ್ಕಿಕಾಳಿನಷ್ಟು ಮನುಷ್ಯರು? ನೀವೂ ನೋಡಿರುತ್ತೀರಿ. ಅದನ್ನು ಮಾಡುವವರು ನಾವು. ಮೇಲಿನಿಂದ ನೋಡಿದರೆ ಅದು ಆಟಿಕೆ. ಇರುವೆಯ ಎತ್ತರಕ್ಕೆ ಕಣ್ಣಿಟ್ಟು ನೋಡಿದರೆ ಮಾತ್ರ ಬೀದಿ ಬೀದಿಯಾಗುತ್ತದೆ, ಮನೆ ಮನೆಯಾಗುತ್ತದೆ. ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಬೇರೆ ದಾರಿಯೇ ಇಲ್ಲ.

ಈ ಹುಚ್ಚು ಚಿಕ್ಕಂದಿನಿಂದಲೂ ಇತ್ತೆನ್ನಿ. ದೇರಳಕಟ್ಟೆಯ ಕಡೆಯ ನಮ್ಮ ಮನೆಯಲ್ಲಿ ಉಮ್ಮ ಬೀಡಿ ಕಟ್ಟುತ್ತಿದ್ದರು. ಬಾಗಿಲ ಬಳಿ ಬೆಳಕಿಗೆ ಕುಳಿತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಕತ್ತರಿಯಲ್ಲಿ ಎಲೆ ಕತ್ತರಿಸುತ್ತಿದ್ದರು. ಉದುರಿದ ಎಲೆಯ ಚೂರು ನನ್ನ ಪಾಲು. ಅದರಲ್ಲಿ ಗೋಡೆ, ಅದರಲ್ಲೇ ಮಾಡು, ಹೊಗೆಸೊಪ್ಪಿನ ಕಡ್ಡಿಯಲ್ಲಿ ಕಂಬ. ಮನೆ ಕಟ್ಟಿ ಮುಗಿಯುವಷ್ಟರಲ್ಲಿ ನಾಲ್ಕು ಸೀನು ಬಂದಿರುತ್ತಿತ್ತು. ಉಮ್ಮ ಗುಡಿಸುವಾಗ ನನ್ನ ಊರನ್ನು ಮಾತ್ರ ಬಿಟ್ಟು ಸುತ್ತಲೂ ಗುಡಿಸುತ್ತಿದ್ದರು. ಮರುದಿನ ಗಾಳಿ ಬಂದು ಅದನ್ನು ಒಯ್ಯುತ್ತಿತ್ತು. ನಾನು ಹೊಸದಾಗಿ ಕಟ್ಟುತ್ತಿದ್ದೆ. ಅಂಥವನು ದೊಡ್ಡವನಾಗಿ ಅಬುಧಾಬಿಗೆ ಬಂದು, ಮುಸಫ್ಫಾದ ಕಬ್ಬಿಣದ ಶೆಡ್ಡೊಂದರಲ್ಲಿ ಅಕ್ರಿಲಿಕ್ ಹಾಳೆಯಲ್ಲಿ ಅದನ್ನೇ ಮಾಡಿ ಸಂಬಳ ತೆಗೆದುಕೊಂಡನೆಂದರೆ ದೇವರು ನನ್ನ ಮೇಲೆ ಮುನಿದಿರಲಿಲ್ಲ ಎಂದೇ ಅರ್ಥ.

ಮುಸಫ್ಫಾದಲ್ಲಿ ನಮ್ಮ ಒಂದು ಬದಿಗೆ ವೆಲ್ಡಿಂಗ್ ಶಾಪು, ಇನ್ನೊಂದು ಬದಿಗೆ ಲಾರಿ ಗ್ಯಾರೇಜು. ಹೊರಗೆ ಗ್ರೀಸು ಮತ್ತು ಧೂಳು. ಒಳಗೆ ನಾವು ಆರೇಳು ಮಂದಿ ಉಸಿರು ಬಿಗಿಹಿಡಿದು, ಚಿಮಟದ ತುದಿಯಲ್ಲಿ ಬಾಲ್ಕನಿ ಅಂಟಿಸುತ್ತಿದ್ದೆವು. ನಮ್ಮ ವೃತ್ತಿಯಲ್ಲಿ ಬರೆಯದ ಕಾನೂನುಗಳು ಕೆಲವಿದ್ದವು. ಕಸದ ತೊಟ್ಟಿ ತೋರಿಸಬಾರದು. ಕರೆಂಟು ಕಂಬ ತೋರಿಸಬಾರದು. ಸ್ಮಶಾನ ಇದ್ದರೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಾನೂನೆಂದರೆ ಖಾಲಿ ಜಾಗ ಬಿಡಬಾರದು. ಖಾಲಿ ಕಂಡರೆ ಗಿರಾಕಿಯ ಮುಖ ಬಾಡುತ್ತದೆ. ಒಂದು ಮರ ನೆಡು, ಬಲೂನು ಹಿಡಿದ ಮಗುವನ್ನು ನಿಲ್ಲಿಸು, ಏನೂ ತೋಚದಿದ್ದರೆ ಈಜುಕೊಳ ಮಾಡು. ಕಿಟಕಿಗಳ ಹಿಂದೆ ಸಣ್ಣ ಹಳದಿ ಬಲ್ಬು ಇಟ್ಟು ಹೊತ್ತಿಸಿದರೆ ಕೆಲಸ ಖಲಾಸ್. ಹೊತ್ತಿದ ಕಿಟಕಿ ಕಂಡರೆ, ಒಳಗೆ ಯಾರೋ ತನಗಾಗಿ ಊಟ ಬಡಿಸಿಟ್ಟು ಕಾಯುತ್ತಿದ್ದಾರೆ ಎಂದು ಮನುಷ್ಯನಿಗೆ ಅನಿಸುತ್ತದೆ. ಮರಳಿನ ಮೇಲೆ ಇನ್ನೂ ಗುದ್ದಲಿ ಬಿದ್ದಿರದ ಎಷ್ಟೋ ಬಡಾವಣೆಗಳು ನಮ್ಮ ಬಲ್ಬಿನ ಬೆಳಕಿನಲ್ಲಿ ಮಾರಿಹೋಗಿವೆ.

ನಮ್ಮಲ್ಲಿ ಮರ ಮಾಡುವುದೂ ಬಲ್ಬು ಕೂಡಿಸುವುದೂ ವಾಸಣ್ಣ. ಕಾರ್ಕಳದವರು. ತಾಮ್ರದ ತಂತಿ ತಿರುಚಿ, ಬಣ್ಣ ಹಾಕಿದ ಸ್ಪಾಂಜಿನ ಪುಡಿಯಲ್ಲಿ ಹೊರಳಿಸಿದರೆಂದರೆ ಖರ್ಜೂರದ ಮರ ತಯಾರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಹುದ್ದೆಯಲ್ಲಿ ಕಿರಿಯರು. ಹಾಗಾಗಿ ಅವರು ನನ್ನನ್ನು ಹಮೀದ್ ಭಾಯ್ ಎನ್ನುತ್ತಿದ್ದರು, ನಾನು ಅವರನ್ನು ವಾಸಣ್ಣ ಎನ್ನುತ್ತಿದ್ದೆ. ಲೆಕ್ಕ ಸರಿಹೋಗುತ್ತಿತ್ತು.

ಎರಡು ಸಾವಿರದ ಹತ್ತರ ಈಚೆಗೆ, ಅಬುಧಾಬಿಯ ಸುತ್ತ ಹೊಸ ಬಡಾವಣೆಗಳು ಏಳುತ್ತಿದ್ದ ಕಾಲ. ಪಟ್ಟಣ ಯೋಜನೆಯ ಒಂದು ಕಂಪೆನಿಯಿಂದ ಫೋನು ಬಂತು. ಮಾತಾಡಿದವರು ತಮ್ಮ ಹೆಸರು ಲೂಯಿ ಎಂದರು. ನಮ್ಮ ಮಂಗಳೂರಿನಲ್ಲಿ ಕಲ್ಲೆಸೆದರೆ ಒಬ್ಬ ಲೂಯಿಸನಿಗೆ ಬೀಳುತ್ತದೆ. ನಾನು ಖುಷಿಯಲ್ಲಿ, "ಹೋ, ಊರಲ್ಲಿ ಎಲ್ಲಿ ಮಾರಾಯ್ರೆ? ಬೆಂದೂರಾ, ಕುಲಶೇಖರವಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟೆ. ಆಚೆ ಕಡೆಯವರು ಇಂಗ್ಲಿಷಿನಲ್ಲಿ ನಮ್ಮ ಶೆಡ್ಡಿನ ವಿಳಾಸ ಕೇಳಿ ಫೋನಿಟ್ಟರು. ಮರುದಿನ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತವರು ಆರಡಿ ಎತ್ತರದ, ಬಿಸಿಲಿಗೆ ಕೆಂಪಾದ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಫ್ರೆಂಚ್ ಮನುಷ್ಯ.

ಲೂಯಿ ಸಾರ್ ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ರಸ್ತೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹಿಂದೆ ಕಳಿಸುತ್ತಿದ್ದರು. ಆದರೆ ನಾವು ಹೇಗೆ ನೋಡುತ್ತೇವೋ ಹಾಗೆಯೇ ಅವರೂ ಬಗ್ಗಿ, ಗದ್ದ ಮೇಜಿಗಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಗಿರಾಕಿಗಳಲ್ಲಿ ಹಾಗೆ ನೋಡಿದವರು ಅವರೊಬ್ಬರೇ. ಮೇಜಿನ ಆ ಕಡೆ ಅವರು, ಈ ಕಡೆ ನಾನು, ನಡುವೆ ಒಂದು ಇಲ್ಲದ ಊರು. ಸ್ನೇಹವಾಗುವುದಕ್ಕೆ ಇನ್ನೇನು ಬೇಕು.

ಅವರು ತಮ್ಮ ಸ್ವಂತ ಊರಿನ ಮಾತೆತ್ತಿದ್ದು ಪರಿಚಯವಾಗಿ ಮೂರ್ನಾಲ್ಕು ವರ್ಷಗಳಾದ ಮೇಲೆ. ಒಂದು ಶುಕ್ರವಾರ ಮಧ್ಯಾಹ್ನ, ನಾನು ಜುಮಾ ನಮಾಜು ಮುಗಿಸಿ ಶೆಡ್ಡಿಗೆ ಬಂದು ಒಂದು ಅರ್ಜೆಂಟ್ ಕೆಲಸ ನೋಡುತ್ತಿದ್ದಾಗ, ಕಂಕುಳಲ್ಲಿ ನಕ್ಷೆಯ ಸುರುಳಿ ಹಿಡಿದು ಬಂದರು. ಮುಖದಲ್ಲಿ ಸಾಲ ಕೇಳಲು ಬಂದವರ ಸಂಕೋಚ. "ಹಮೀದ್, ಇದು ಕಂಪೆನಿಯ ಕೆಲಸವಲ್ಲ. ನನ್ನ ಊರು. ಇದನ್ನು ನನಗೆ ಮಾಡಿಕೊಡುತ್ತೀರಾ?" ಎಂದರು.

ಆ ಊರಿನ ಹೆಸರು ವೆರ್ನೋಲ್. ಫ್ರಾನ್ಸಿನ ಪಶ್ಚಿಮಕ್ಕೆ ರೆನ್ ಎಂಬ ನಗರವಿದೆ. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ಈವರೆಗೆ ಫ್ರಾನ್ಸಿನಲ್ಲಿ ಕಾಲಿಟ್ಟವನಲ್ಲ. ಆದರೆ ನನ್ನನ್ನು ಇವತ್ತು ಕಣ್ಣು ಕಟ್ಟಿ ವೆರ್ನೋಲಿನ ನಡುವೆ ಬಿಟ್ಟರೂ ಬ್ರೆಡ್ಡಿನ ಅಂಗಡಿಗೆ ಹೋಗಿ ಬರಬಲ್ಲೆ. ಊರ ಮಧ್ಯೆ ಮಾಡಿಗೆ ಕಪ್ಪು ಕಲ್ಲಿನ ಹಲಗೆ ಹೊದಿಸಿದ ಇಗರ್ಜಿ. ಅದರೆದುರು ಊರಿನ ಆಫೀಸು, ನಮ್ಮ ಪಂಚಾಯಿತಿ ಇದ್ದಂತೆ. ಅಲ್ಲಿ ಊರಿನ ಮುಖ್ಯಸ್ಥರು ಕೂರುತ್ತಾರೆ. ಪಕ್ಕದಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಂಬ. ಅದರಲ್ಲಿ ನಾಲ್ಕೈದೇ ಮನೆತನಗಳ ಹೆಸರು ಮತ್ತೆ ಮತ್ತೆ ಬರುತ್ತದಂತೆ, ಅಣ್ಣ, ತಮ್ಮ, ಚಿಕ್ಕಪ್ಪ. ಒಂದು ಕಾಫಿಯ ಅಂಗಡಿ, ಅಲ್ಲೇ ಲಾಟರಿ, ಅಲ್ಲೇ ಪೋಸ್ಟಿನ ಸ್ಟಾಂಪು. ಊರ ಹೊರಗೆ ಹೊಲದ ಸುತ್ತ ಪೊದೆಯ ಬೇಲಿ, ಬೇಲಿಯ ಹಿಂದೆ ಕಪ್ಪು ಬಿಳಿ ದನಗಳು.

ಇದು ಲೂಯಿ ಸಾರ್ ಹುಟ್ಟಿದ ವೆರ್ನೋಲ್. ನಕ್ಷೆಯಲ್ಲಿದ್ದ ವೆರ್ನೋಲ್ ಬೇರೆ. ರೆನ್ನಿನಲ್ಲಿ ಮನೆ ಬಾಡಿಗೆ ಏರಿದಂತೆ ಅಲ್ಲಿ ಕೆಲಸ ಮಾಡುವವರು ಇಲ್ಲಿಗೆ ಬಂದು ಮಲಗತೊಡಗಿದರು. ಮೊದಲು ಒಂದು ಬೀದಿ, ಆಮೇಲೆ ಒಂದು ಬಡಾವಣೆ, ಆಮೇಲೆ ಇನ್ನೊಂದು. ಶಾಲೆಗೆ ಎರಡು ಹೊಸ ಕೋಣೆ ಬಂತು, ಫುಟ್‌ಬಾಲ್ ಮೈದಾನಕ್ಕೆ ದೀಪ ಬಂತು, ಊರ ಬಾಗಿಲಿನಲ್ಲಿ ಹೂಗಿಡಗಳ ಒಂದು ಸರ್ಕಲ್ ಬಂತು. "ಮುಚ್ಚಲಿದ್ದ ಶಾಲೆ ಉಳಿಯಿತು, ಅದು ಸಂತೋಷವೇ," ಎಂದರು ಲೂಯಿ ಸಾರ್. "ಆದರೆ ಈಗ ಬೀದಿಯಲ್ಲಿ ಬೋನ್‌ಜೂರ್ ಎಂದು ನಮಸ್ಕರಿಸಿದರೆ, ಈತ ಯಾರು ಎಂದು ನನ್ನನ್ನೇ ನೋಡುತ್ತಾರೆ." ಆ ಮಾತು ನನಗೆ ನಾಟಿತು. ನಮ್ಮ ದೇರಳಕಟ್ಟೆಯಲ್ಲೂ ಕಾಲೇಜು, ಆಸ್ಪತ್ರೆ ಎಂದು ಬಂದು, ನಾವು ಗೇರುಹಣ್ಣು ಕದಿಯುತ್ತಿದ್ದ ಗುಡ್ಡೆಯನ್ನು ಜೇಸಿಬಿ ಬೋಳಿಸಿದೆ. ಹಿಂದಿನ ಸಲ ರಜೆಗೆ ಹೋದಾಗ ರಿಕ್ಷಾದವನು ನನ್ನನ್ನು ನನ್ನ ಮನೆಯ ತಿರುವಿನಲ್ಲೇ, "ಯಾವ ಊರಿನವರು ಸಾರ್, ಪೇಷಂಟ್ ನೋಡ್ಲಿಕ್ಕೆ ಬಂದದ್ದಾ?" ಎಂದು ಕೇಳಿದ್ದ.

ಲೂಯಿ ಸಾರ್ ಬಂದ ಕಾರಣ ಒಂದು ಸೇಬಿನ ತೋಟ. ಅವರ ಅಪ್ಪನದು, ಊರಿನ ಅಂಚಿನಲ್ಲಿತ್ತು. ಈಗ ಅಕ್ಕನ ಪಾಲಿಗೆ ಬಂದಿತ್ತು. ಅಕ್ಕನ ಹೆಸರು ಮಾರ್ತ್. ತೋಟದ ಮೂಲೆಯಲ್ಲಿ ಸೇಬು ಹಿಂಡಿ ರಸ ತೆಗೆಯುವ ಒಂದು ಕಲ್ಲಿನ ಕೊಟ್ಟಿಗೆ. ಆ ರಸವನ್ನು ಹುಳಿಯಲು ಬಿಟ್ಟು ಏನು ಮಾಡುತ್ತಿದ್ದರೆಂದು ನಾನು ಹೆಚ್ಚು ಕೇಳಲಿಲ್ಲ, ಅವರೂ ನನ್ನ ಗಡ್ಡ ನೋಡಿ ಹೆಚ್ಚು ಹೇಳಲಿಲ್ಲ. ನಿವೃತ್ತಿಯಾದ ಮೇಲೆ ಆ ಕೊಟ್ಟಿಗೆಯನ್ನು ರಿಪೇರಿ ಮಾಡಿಸಿ ಅದರಲ್ಲೇ ಇರಬೇಕೆಂಬುದು ಅವರ ಆಸೆ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಮೂವತ್ತು ವರ್ಷ ಬೇರೆಬೇರೆ ದೇಶಗಳಲ್ಲಿ ಬೇರೆಯವರಿಗೆ ಊರು ಕಟ್ಟಿಕೊಟ್ಟವರಿಗೆ ಇದ್ದದ್ದು ಆ ಕೊಟ್ಟಿಗೆಯೊಂದೇ. ಈಗ ಊರಿನ ಆಫೀಸಿನವರು ಆ ತೋಟದಲ್ಲಿ ಮನೆಗಳ ಹೊಸ ಬಡಾವಣೆ ಮಾಡುವ ಆಲೋಚನೆಯಲ್ಲಿದ್ದರು. ಅದಕ್ಕೆ ಊರವರನ್ನೆಲ್ಲ ಕರೆದು ಒಂದು ಸಭೆ ಮಾಡಿ ಅಭಿಪ್ರಾಯ ಕೇಳುವವರಿದ್ದರು. ಮಾರ್ತ್ ಕಡ್ಡಿ ಮುರಿದಂತೆ ಹೇಳಿದ್ದರಂತೆ: "ನನಗೆ ಮರ ಹತ್ತಲು ಕಾಲಿಲ್ಲ. ಊರವರು ತೋಟ ಇರಲಿ ಎಂದರೆ ಇಡುತ್ತೇನೆ, ಮನೆ ಬೇಕು ಎಂದರೆ ಕೊಡುತ್ತೇನೆ."

ಲೂಯಿ ಸಾರ್ ಸಭೆಗೆ ತಮ್ಮ ಊರನ್ನೇ ಮಾಡಿಸಿ ಒಯ್ಯಬೇಕೆಂದಿದ್ದರು. ಊರಿಡೀ ಒಂದು ಹಲಗೆ. ತೋಟದ ಜಾಗದಲ್ಲಿ ಮಾತ್ರ ಎತ್ತಿ ಬದಲಿಸಬಹುದಾದ ಎರಡು ತುಂಡು. ಒಂದರಲ್ಲಿ ಹೊಸ ಮನೆಗಳು, ಇನ್ನೊಂದರಲ್ಲಿ ತೋಟ. "ಮೊದಲು ಮನೆಗಳನ್ನಿಟ್ಟು ತೋರಿಸುತ್ತೇನೆ. ಆಮೇಲೆ ಅದನ್ನೆತ್ತಿ ತೋಟವನ್ನಿಡುತ್ತೇನೆ. ಏನು ಕಳೆದುಕೊಳ್ಳುತ್ತೇವೆಂದು ಅವರಿಗೇ ಗೊತ್ತಾಗುತ್ತದೆ. ಮನೆಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಡಬ್ಬಿಗಳಂತೆ ಇದ್ದರೆ ಸಾಕು," ಎಂದರು. ಹಳೆಯ ಗಿರಾಕಿಯೆಂದು ನಮ್ಮ ಮುದೀರ್, ಅಂದರೆ ಮ್ಯಾನೇಜರ್, ರಜೆಯ ದಿನವಾದ ಶುಕ್ರವಾರಗಳಂದು ಶೆಡ್ಡು ಬಳಸಲು ಒಪ್ಪಿದರು. ನಾನು ಒಪ್ಪಿದೆ. ವಾಸಣ್ಣನೂ ಒಪ್ಪಿದರು. ಶುಕ್ರವಾರ ಕೆಲಸಗಾರರ ಕ್ಯಾಂಪಿನಲ್ಲಿ ಬಟ್ಟೆ ಒಗೆಯುವುದಕ್ಕಿಂತ ಇದು ಲೇಸು ಎಂದು ಉಳಿದವರೂ ಬಂದರು.

ಆ ಶುಕ್ರವಾರಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬಿದಂತಾಗುತ್ತದೆ. ಮೊದಲ ವಾರ ವಾಸಣ್ಣ ಇಗರ್ಜಿಯ ಸುತ್ತ ಖರ್ಜೂರದ ಮರ ನೆಟ್ಟಿದ್ದರು. ಡಬ್ಬಿ ತುಂಬ ಇದ್ದದ್ದು ಅದೇ. ಲೂಯಿ ಸಾರ್ ತಲೆಯ ಮೇಲೆ ಕೈ ಹೊತ್ತರು. ಎರಡನೆಯ ವಾರ ಊರಿನ ಪ್ರತಿ ಮನೆಗೂ ಕಾಂಪೌಂಡು ಗೋಡೆ, ಗೋಡೆಗೆ ಗೇಟು.

"ವಾಸು, ಇದೇನು ಜೈಲು? ನಮ್ಮಲ್ಲಿ ಗೋಡೆ ಇಲ್ಲ," ಎಂದರು ಲೂಯಿ ಸಾರ್.

"ಗೋಡೆ ಇಲ್ಲದಿದ್ರೆ ದನ ಬರುದಿಲ್ವಾ ಸಾರ್?"

"ಬರಲಿ. ದನ ಬಂದರೆ ಬರಲಿ."

ವಾಸಣ್ಣ ನನ್ನ ಕಡೆ ತಿರುಗಿ, "ಎಂಥ ಊರು ಮಾರಾಯ್ರೆ ಇದು, ಹಮೀದ್ ಭಾಯ್," ಎಂದು ಗೊಣಗುತ್ತ ಗೋಡೆ ಕಿತ್ತರು. ಸ್ಮಶಾನದ ವಿಷಯಕ್ಕೆ ಬಂದಾಗ ನಾನೇ ತಡವರಿಸಿದೆ. ಅದನ್ನು ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. "ಅಲ್ಲಿ ನನ್ನ ಅಪ್ಪ ಅಮ್ಮ ಇದ್ದಾರೆ, ಬಿಡುವುದು ಹೇಗೆ?" ಎಂದರು ಲೂಯಿ ಸಾರ್. ವಾಸಣ್ಣ ಚಪ್ಪಲಿ ಕಳಚಿ ಬದಿಗಿಟ್ಟು, ಎಳ್ಳುಕಾಳಿನಷ್ಟು ಶಿಲುಬೆಗಳನ್ನು ಒಂದೊಂದಾಗಿ ಅಂಟಿಸಿದರು.

ಹಾಗೆ ಮಾಡುತ್ತ ಮಾಡುತ್ತ ಆ ಊರು ನಮ್ಮದಾಗಿಬಿಟ್ಟಿತು. ಊಟಕ್ಕೆ ಕುಳಿತಾಗಲೂ ಅದರದೇ ಮಾತು. ಕಾಫಿಯಂಗಡಿಯವನು ಹೆಂಡತಿಯೊಡನೆ ಜಗಳವಾಡಿ ಅಂಗಡಿಯಲ್ಲೇ ಮಲಗಿದ ಕಥೆಯನ್ನು ಲೂಯಿ ಸಾರ್ ಹೇಳಿದ ಮೇಲೆ, ನಮ್ಮವರು ಆ ಅಂಗಡಿಯ ಹಿತ್ತಿಲಲ್ಲಿ ಅವನಿಗೊಂದು ಮಂಚ ಮಾಡಿ ಇಟ್ಟರು. ಸಂಬಳ, ವೀಸಾ, ಊರಿಗೆ ಹೋಗುವ ಟಿಕೆಟ್ಟು, ಇವಲ್ಲದೆ ಬೇರೆ ಮಾತೇ ಇಲ್ಲದಿದ್ದ ಗಂಡಸರು ನೋಡದ ಊರಿನವನ ಸಂಸಾರದ ಚಿಂತೆ ಮಾಡುತ್ತಿದ್ದರು.

ಸೇಬಿನ ತೋಟವನ್ನು ವಾಸಣ್ಣ ಒಂದು ವಾರದಲ್ಲಿ ಮುಗಿಸಿದರು. ತಂತಿ, ಸ್ಪಾಂಜು, ಅಲ್ಲಲ್ಲಿ ಕೆಂಪು ಚುಕ್ಕಿ. ಮರ ಎಂದರೆ ಮರ. ಅದಕ್ಕೆ ಇನ್ನೇನು ಮಾಡಲು ಬರುತ್ತದೆ? ಆಮೇಲೆ ಮನೆಗಳ ಸರದಿ. ನಾನು ಬಿಳಿ ಡಬ್ಬಿಗಳನ್ನು ಕತ್ತರಿಸಿ ಕೊಟ್ಟೆ. ವಾಸಣ್ಣ ಅವನ್ನು ಅಂಗೈಯಲ್ಲಿಟ್ಟು ನೋಡಿ, "ಇದೆಂಥ ಹಮೀದ್ ಭಾಯ್? ಗುರುತಿಲ್ಲದ ಶೇಖ್‌ಗಳಿಗೆಲ್ಲ ಬಾಲ್ಕನಿ, ಬಲ್ಬು ಎಲ್ಲ ಇಟ್ಟು ಕೊಡ್ತೇವೆ. ನಮ್ಮ ಲೂಯಿ ಸಾರಿನ ಊರಿಗೆ ಬೋಳು ಡಬ್ಬಿ ಕೊಡುದಾ? ನಾಳೆ ಅವರ ಊರಿನವರ ಎದುರು ಅವರ ಮರ್ಯಾದೆ ಎಂಥ ಆಗ್ಬೇಕು?" ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನನಗೂ ಹೌದೆನಿಸಿತು. ಕೆಲಸ ಕಲಿತ ಕೈಗೆ ಅರ್ಧ ಕೆಲಸ ಮಾಡಲು ಬರುವುದಿಲ್ಲ. ಹಂಚಿನ ಮಾಡು ಬಂತು, ಕಿಟಕಿಗೆ ಪರದೆ ಬಂತು, ಒಂದು ಅಂಗಳದಲ್ಲಿ ಬಟ್ಟೆ ಒಣಹಾಕಿದ ಹಗ್ಗ, ಇನ್ನೊಂದರಲ್ಲಿ ಮೂರು ಗಾಲಿಯ ಸೈಕಲ್ಲು. ಒಂದು ಬಾಗಿಲಲ್ಲಿ ಮಗುವನ್ನೆತ್ತಿಕೊಂಡ ಹೆಂಗಸನ್ನು ವಾಸಣ್ಣ ನಿಲ್ಲಿಸಿದರು. ಕಾರ್ಕಳದಲ್ಲಿ ಆ ವರ್ಷ ಅವರ ಮಗಳಿಗೆ ಹೆರಿಗೆಯಾಗಿತ್ತು, ಮೊಮ್ಮಗುವನ್ನು ಅವರಿನ್ನೂ ನೋಡಿರಲಿಲ್ಲ. ಕೊನೆಗೆ ಪ್ರತಿ ಕಿಟಕಿಯ ಹಿಂದೆ ಹಳದಿ ಬಲ್ಬು.

ಲೂಯಿ ಸಾರ್ ಕೊನೆಯ ಬಾರಿ ನೋಡಲು ಬಂದರು. ವಾಸಣ್ಣ ಶೆಡ್ಡಿನ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ, ಒಂದು ಸ್ವಿಚ್ಚು ಒತ್ತಿದರು. ತೋಟದ ಜಾಗದಲ್ಲಿ ಮನೆಗಳು ಹೊತ್ತಿಕೊಂಡವು. ಲೂಯಿ ಸಾರ್ ಬಗ್ಗಿದರು. ಗದ್ದ ಮೇಜಿಗೆ ತಾಗಿತು, ಒಂದು ಕಣ್ಣು ಮುಚ್ಚಿತು. ಬಹಳ ಹೊತ್ತು ಏಳಲೇ ಇಲ್ಲ. ಮೇಜಿನ ಈಚೆ ಬಗ್ಗಿದ್ದ ನನಗೆ ಅವರ ತೆರೆದ ಕಣ್ಣು ಕಾಣುತ್ತಿತ್ತು. ಮಗುವನ್ನೆತ್ತಿಕೊಂಡ ಆ ಹೆಂಗಸಿನ ಬಳಿ ಅದು ನಿಂತಿತ್ತು. ಎದ್ದವರು ಸುತ್ತ ನಿಂತವರ ಮುಖಗಳನ್ನು ನೋಡಿದರು. ಶುಕ್ರವಾರಗಳ ರಜೆಯನ್ನೆಲ್ಲ ಕೊಟ್ಟ ಮುಖಗಳು, ಶಹಭಾಸ್‌ಗೆ ಕಾದ ಮುಖಗಳು. ಅವರು, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ದನಿ ಒಣಗಿದ್ದು ನನಗೆ ಕೇಳಿಸಿತು. ಊರಿನ ನೆನಪಾಗಿರಬೇಕು ಎಂದುಕೊಂಡೆ.

ಪೆಟ್ಟಿಗೆ ವಿಮಾನದಲ್ಲಿ ಹೋಯಿತು, ಹಿಂದೆಯೇ ಅವರೂ ಹೋದರು. ಇಲ್ಲಿ ಬಿಸಿಲು ಕಾದ ಹಂಚಿನಂತಾಗಿತ್ತು. ನಾವು ಮತ್ತೆ ಶೇಖ್‌ಗಳ ಊರು ಕಟ್ಟುತ್ತ, ಲೂಯಿ ಸಾರಿನ ಸಭೆ ಏನಾಯಿತೋ ಎಂದು ದಿನಾ ಮಾತಾಡುತ್ತಿದ್ದೆವು. ಕ್ರಿಕೆಟ್ ಮ್ಯಾಚಿನ ಸ್ಕೋರಿಗೆ ಕಾದಂತೆ ಕಾದೆವು.

ಅವರು ಹಿಂದಿರುಗಿ ಶೆಡ್ಡಿಗೆ ಬಂದ ದಿನ ಎಲ್ಲರೂ ಕೆಲಸ ಬಿಟ್ಟು ಸುತ್ತುಗಟ್ಟಿದರು. "ಸಾರ್, ಹೇಗಾಯ್ತು? ಇಷ್ಟ ಆಯ್ತಾ ಅವರಿಗೆ?" ಎಂದು ವಾಸಣ್ಣ ಕೇಳಿದರು.

"ಬಹಳ ಇಷ್ಟವಾಯಿತು, ವಾಸು. ಇಡೀ ಊರು ಬಂದಿತ್ತು. ಮೇಜಿನ ಸುತ್ತ ಜನವೋ ಜನ. ಮಕ್ಕಳನ್ನು ಎತ್ತಿ ತೋರಿಸಿದರು. ಇಷ್ಟು ಒಳ್ಳೆಯ ಕೆಲಸವನ್ನು ಯಾರೂ ನೋಡಿರಲಿಲ್ಲವಂತೆ."

ಶೆಡ್ಡಿನಲ್ಲಿ ಹಬ್ಬವಾಯಿತು. ಒಬ್ಬರು ಓಡಿಹೋಗಿ ಕಡಕ್ ಚಹಾ ಮತ್ತು ಲಡ್ಡು ತಂದರು. ವಾಸಣ್ಣ ತಮ್ಮ ಕೈಯಿಂದಲೇ ಲೂಯಿ ಸಾರಿಗೆ ಲಡ್ಡು ತಿನ್ನಿಸಿ, "ಹಾಗಾದ್ರೆ ತೋಟ ಉಳೀತು! ಸಾರ್, ಹಣ್ಣಾದಾಗ ನಮ್ಗೂ ಒಂದು ಪೆಟ್ಟಿಗೆ ಕಳಿಸ್ಬೇಕು," ಎಂದರು.

ಲೂಯಿ ಸಾರ್ ತುಟಿಗಂಟಿದ ಲಡ್ಡಿನ ಪುಡಿ ಒರೆಸಿಕೊಂಡರು. "ಅದು ತುಂಬಾ ಹುಳಿ, ವಾಸು. ಸಣ್ಣ ಹಣ್ಣು, ಮೈಯೆಲ್ಲ ಚುಕ್ಕೆ. ತಿನ್ನಲಾಗುವುದಿಲ್ಲ."

"ಪರ್ವಾಗಿಲ್ಲ ಸಾರ್. ಉಪ್ಪು ಖಾರ ಹಾಕಿ ತಿಂತೇವೆ."

"ಇನ್ಶಾ ಅಲ್ಲಾ," ಎಂದರು ಲೂಯಿ ಸಾರ್. ಈ ದೇಶದಲ್ಲಿ ಇಷ್ಟು ವರ್ಷ ಇದ್ದವರಿಗೆ ಆ ಮಾತನ್ನು ಯಾವಾಗ ಹೇಳಬೇಕೆಂದು ಗೊತ್ತಿರುತ್ತದೆ.

ಅವರನ್ನು ಕಾರಿನವರೆಗೆ ಬಿಡಲು ನಾನು ಹೋದೆ. ಅವರು ಬಾಗಿಲು ತೆರೆದು, ಕೂರದೆ, ಕಾದ ಬಾಗಿಲನ್ನೇ ಹಿಡಿದು ನಿಂತರು. ಆಮೇಲೆ ಹೇಳಿದರು. ಸಭೆಯಲ್ಲಿ ಮೊದಲು ಮನೆಗಳ ತುಂಡನ್ನು ಇಟ್ಟರಂತೆ. ಯಾರೋ ಪರದೆ ಎಳೆದರು, ಯಾರೋ ಸ್ವಿಚ್ಚು ಒತ್ತಿದರು. ಕಿಟಕಿಗಳು ಹೊತ್ತಿಕೊಂಡಾಗ ಸಭೆಯಲ್ಲಿ ಒಂದು ಹಾ ಎಂಬ ಉದ್ಗಾರ ಎದ್ದಿತು. ಎದುರು ಸಾಲಿನಲ್ಲಿದ್ದ ಅಜ್ಜಿಯೊಬ್ಬರು, ರೆನ್ನಿನಲ್ಲಿ ಒಂದೇ ಕೋಣೆಯಲ್ಲಿ ಸಂಸಾರ ಮಾಡುವ ನನ್ನ ಮಗಳಿಗೆ ಇಂಥದೊಂದು ಮನೆ ಸಿಕ್ಕಿದರೆ ಮೊಮ್ಮಗು ಇಲ್ಲೇ ಬೆಳೆಯುತ್ತದೆ ಎಂದರು. ಬಾಗಿಲಲ್ಲಿ ನಿಂತ ಹೆಂಗಸಿನ ಮೇಲೆ ಬೆರಳಿಟ್ಟು, ನೋಡಿ, ನನ್ನ ಮಗಳೇ ನಿಂತಂತಿದೆ ಎಂದರು. ಆಮೇಲೆ ಲೂಯಿ ಸಾರ್ ಅದನ್ನೆತ್ತಿ ತೋಟವನ್ನಿಟ್ಟರು. ಅದರಲ್ಲಿ ಬೆಳಕಿರಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಅದು ಒಂದು ಕಪ್ಪು ಕಲೆಯ ಹಾಗೆ ಕಂಡಿತು. ಆ ಮನೆಗಳನ್ನು ಇನ್ನೊಮ್ಮೆ ಇಡಿ ಎಂದು ಜನ ಕೂಗಿದರು.

"ಮಾರ್ತ್ ಏನೆಂದರು?" ಎಂದು ಕೇಳಿದೆ.

"ಕೊಟ್ಟೆ ಎಂದಳು. ಅವಳ ತಪ್ಪಿಲ್ಲ. ನನಗೇ ಆ ಅಜ್ಜಿಯ ಎದುರು ತೋಟ ಬೇಕು ಎನ್ನಲು ಬಾಯಿ ಬರಲಿಲ್ಲ, ಹಮೀದ್. ನೀವು ಅಷ್ಟು ಚೆನ್ನಾಗಿ ಮಾಡಿದ್ದಿರಿ." ಕಾರಿನಲ್ಲಿ ಕೂತ ಮೇಲೆ ಗಾಜಿಳಿಸಿ, "ಇವರಿಗೆ ಹೇಳಬೇಡಿ," ಎಂದರು.

ನಾನು ಹೇಳಲಿಲ್ಲ. ನನ್ನ ವೃತ್ತಿಯಲ್ಲಿ ನನಗೆ ನೋವಾದದ್ದು ಇದೊಂದೇ ಸಲ, ಆದರೆ ಇದು ಮಾಸುವ ನೋವಲ್ಲ. ಕೆಲಸ ಕೆಟ್ಟು ಕೇಡಾದರೆ ಬೈದುಕೊಂಡು ಮರೆಯಬಹುದು. ಕೆಲಸ ಚೆನ್ನಾಗಿ ಆಗಿದ್ದರಿಂದಲೇ ಕೇಡಾದರೆ ಯಾರನ್ನು ಬೈಯುವುದು? ವಾಸಣ್ಣನ ಪ್ರೀತಿಯನ್ನೇ? ತೋಟದಲ್ಲೂ ಒಂದು ಬಲ್ಬು ಇಡಬಹುದಿತ್ತು, ಆ ಕಲ್ಲಿನ ಕೊಟ್ಟಿಗೆಯ ಕಿಟಕಿಯಲ್ಲಿ. ಒಬ್ಬ ಮುದುಕನನ್ನು ಅದರ ಬಾಗಿಲಲ್ಲಿ ಕೂರಿಸಬಹುದಿತ್ತು. ಹಾಗೆ ಮಾಡಿದ್ದರೂ ಅಜ್ಜಿ ತನ್ನ ಮಗಳನ್ನೇ ಆರಿಸುತ್ತಿದ್ದರೋ ಏನೋ. ಆದರೂ ಹೊತ್ತಿದ ಕಿಟಕಿ ನೋಡಿದಾಗಲೆಲ್ಲ ನನಗೆ ಆ ಇಡದ ಬಲ್ಬಿನ ನೆನಪಾಗುತ್ತದೆ. ಲೂಯಿ ಸಾರ್ ಆ ವರ್ಷ ತಮ್ಮ ಕೆಲಸದ ಕರಾರನ್ನು ಮತ್ತೆ ಮುಂದುವರಿಸಿದರು. ಹೋಗಿ ಇರಲು ಜಾಗವಿಲ್ಲದ ಮೇಲೆ ಹೋಗುವ ಅವಸರವೇನು.

ಚಳಿ ಶುರುವಾಗುವ ಹೊತ್ತಿಗೆ ಶೆಡ್ಡಿಗೆ ಒಂದು ಪೆಟ್ಟಿಗೆ ಬಂತು. ಲೂಯಿ ಸಾರಿನ ಡ್ರೈವರ್ ತಂದಿಟ್ಟು ಹೋದ. ಒಳಗೆ ಸೇಬು, ಸಣ್ಣವು, ಸೊಟ್ಟಗಿನವು, ಚುಕ್ಕೆಯವು. ವಾಸಣ್ಣ ಒಂದನ್ನು ಮೂಗಿಗೆ ಹಿಡಿದು, "ನೋಡಿ, ಇದು ಅಂಗಡಿಯ ಹಣ್ಣಿನ ಹಾಗೆ ಪಾಲಿಶ್ ಇಲ್ಲ. ತೋಟದ್ದು ಅಂದ್ರೆ ಹೀಗೆ ಇರ್ಬೇಕು," ಎಂದು ಎಲ್ಲರಿಗೂ ಹಂಚಿದರು. ಕ್ಯಾಂಪಿಗೂ ಒಯ್ದರು. ನನಗೆ ಮನಸ್ಸು ಹಗುರವಾಯಿತು. ಕಡಿಯುವ ಮೊದಲು ಕೊನೆಯ ಬೆಳೆಯನ್ನು ಮಾರ್ತ್ ಕಳಿಸಿದರಲ್ಲ ಎಂದುಕೊಂಡೆ. ಮರುವರ್ಷವೂ ಚಳಿ ಬಂದಾಗ, ಹಣ್ಣಿನ ಪೆಟ್ಟಿಗೆ ಇನ್ನೂ ಬರಲಿಲ್ಲವಲ್ಲ ಎಂದು ವಾಸಣ್ಣ ದಾರಿ ನೋಡತೊಡಗಿದರು.

ಆ ವಾರದ ಶುಕ್ರವಾರ ಬೆಳಿಗ್ಗೆ ಮೀನು ತರಲು ಬಂದರಿನ ಬಳಿಯ ಅಲ್ ಮೀನಾ ಮಾರುಕಟ್ಟೆಗೆ ಹೋಗಿದ್ದೆ. ಅಂಜಲ್ ತೆಗೆದುಕೊಂಡು, ಝುಬೈದಾ ಹೇಳಿದ ಕೊತ್ತಂಬರಿ ಸೊಪ್ಪಿಗೆಂದು ತರಕಾರಿ ಮಾರುಕಟ್ಟೆಯ ಕಡೆ ನಡೆದೆ. ಒಂದು ಹಣ್ಣಿನ ಅಂಗಡಿಯಲ್ಲಿ ಲೂಯಿ ಸಾರ್ ನಿಂತಿದ್ದರು. ಮಲಯಾಳಿ ವ್ಯಾಪಾರಿ ಹೊಳೆಯುವ ದೊಡ್ಡ ಸೇಬುಗಳನ್ನು ಎತ್ತಿ ಎತ್ತಿ ತೋರಿಸುತ್ತಿದ್ದ. ಅವರು ಅವನ್ನು ಬದಿಗೆ ಸರಿಸಿ, ರಾಶಿಯ ಅಡಿಗೆ ಕೈ ಹಾಕಿ ಸಣ್ಣದು, ಸೊಟ್ಟಗಿನದು, ಪೆಟ್ಟಾದದ್ದನ್ನು ಹುಡುಕಿ ಹುಡುಕಿ ಪೆಟ್ಟಿಗೆಗೆ ಹಾಕುತ್ತಿದ್ದರು. "ಸಾರ್, ಇದು ಮಾಫಿ ಗುಡ್, ಒಳ್ಳೆಯದಲ್ಲ, ಇದು ಎಸೆಯುವುದು," ಎಂದು ವ್ಯಾಪಾರಿ ಕೈ ಬೀಸಿದ. ಅವರು ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಕಾರಿಗೆ ಹೋಗಿ, ಮುಂದಿನ ಸೀಟಿನಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದೊಂದೇ ಹಣ್ಣನ್ನೆತ್ತಿ ಅದರ ಮೇಲಿನ ಸ್ಟಿಕ್ಕರನ್ನು ಉಗುರಿನಿಂದ ಕೀಳತೊಡಗಿದರು.

ನಾನು ಹೋಗಿ ಕಾರಿನ ಇನ್ನೊಂದು ಬಾಗಿಲು ತೆರೆದು ಕುಳಿತೆ. ಅವರು ಬೆಚ್ಚಿದರು, ಮತ್ತೆ ಪೆಟ್ಟಿಗೆಯನ್ನು ನನ್ನ ಕಡೆಗೂ ಸರಿಸಿದರು. ಮೀನಿನ ಚೀಲವನ್ನು ಕಾಲ ಬಳಿ ಇಟ್ಟು, ನಾನೂ ಒಂದು ಹಣ್ಣು ತೆಗೆದುಕೊಂಡೆ. ಇಬ್ಬರೂ ತಲೆ ಬಗ್ಗಿಸಿ ಸ್ಟಿಕ್ಕರು ಕಿತ್ತೆವು. ಅಂಟು ಉಳಿದಲ್ಲಿ ನಾನು ಕರವಸ್ತ್ರದಿಂದ ಉಜ್ಜಿದೆ. ಒಂದು ಹಣ್ಣಿನ ಮೇಲಿನದು ಮಾತ್ರ ಏನು ಮಾಡಿದರೂ ಬಿಡಲಿಲ್ಲ. ಲೂಯಿ ಸಾರ್ ಅದನ್ನು ತಿರುಗಿಸಿ ಆಚೆ ಬದಿಯಿಂದ ಒಮ್ಮೆ ಕಚ್ಚಿದರು. ನಿಧಾನವಾಗಿ ಅಗಿದರು.

"ಇದು ಹುಳಿಯೇ ಇಲ್ಲ, ಹಮೀದ್," ಎಂದರು.